ಕುದುರೆಯ ಬೆನ್ನುಬಿದ್ದವರು

ರೋಮಿನ ಸಾಂತಾ ಮರಿಯಾ ದೆಲ್ ಪೊಪೊಲೊ ದೇವಾಲಯದಲ್ಲಿ, ಪ್ರಧಾನ ಬಲಿಪೀಠದ ಎಡಪಕ್ಕಕ್ಕೆ, ಚೆರಾಸಿ ಮನೆತನದ ಕಿರುಗುಡಿಯಿದೆ. ಅಲ್ಲಿ ಮೂರು ಚಿತ್ರಗಳಿವೆ. ಎಡಗೋಡೆಯ ಮೇಲೆ ಸಂತ ಪೇತ್ರನನ್ನು ತಲೆಕೆಳಗಾಗಿ ಶಿಲುಬೆಗೇರಿಸುವ ದೃಶ್ಯ. ಬಲಗೋಡೆಯ ಮೇಲೆ ದಮಸ್ಕದ ದಾರಿಯಲ್ಲಿ ಕುದುರೆಯಿಂದ ಬಿದ್ದ ಪೌಲ. ಇವೆರಡೂ ಕರವಾಜ್ಜೊನವು. ನಡುಗೋಡೆಯ ಮೇಲೆ, ಬಲಿಪೀಠಕ್ಕೆ ನೇರವಾಗಿ, ಅನ್ನಿಬಾಲೆ ಕರ್ರಾಚ್ಚಿ ಬರೆದ ಮರಿಯ ಮಾತೆಯ ಸ್ವರ್ಗಾರೋಹಣ. ನಾಣ್ಯ ಹಾಕಿದರೆ ದೀಪ ಹತ್ತುವ ಪೆಟ್ಟಿಗೆಯ ಮುಂದೆ ಸೇರುವ ಜನ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕತ್ತು ತಿರುಗಿಸಿ ಹೊರಡುತ್ತಾರೆ. ಪ್ರವಾಸಿಗರನ್ನು ದೂರಿ ಫಲವಿಲ್ಲ. ಅವರ ಕೈಯಲ್ಲಿರುವ ಪುಸ್ತಕಗಳೇ ಹಾಗಿವೆ. ಎರಡು ಚಿತ್ರಗಳು ಎದುರುಬದುರು ಪುಟಗಳಲ್ಲಿ ಪೂರ್ತಿಯಾಗಿ ಅಚ್ಚಾಗುತ್ತವೆ, ಮೂರನೆಯದು ಒಂದೋ ಇರುವುದಿಲ್ಲ, ಇಲ್ಲವೇ ಅಂಚೆಚೀಟಿಯಷ್ಟಿರುತ್ತದೆ. ಹೋಲಿಕೆಗೆಂದು ಅದನ್ನು ಕರೆತಂದವರೂ ಸೋತವನನ್ನು ತೋರಿಸಿ ಗೆದ್ದವನನ್ನು ಹೊಗಳಲಿಕ್ಕೆ ಕರೆತಂದವರೇ.

ನನ್ನ ತಕರಾರು ಅನ್ನಿಬಾಲೆಗೆ ನ್ಯಾಯ ಸಿಕ್ಕಿಲ್ಲವೆಂಬುದಷ್ಟೇ ಅಲ್ಲ. ನಡುಗೋಡೆಯನ್ನು ನೋಡದವರು ಪಕ್ಕದ ಗೋಡೆಗಳನ್ನೂ ಸರಿಯಾಗಿ ನೋಡಿಲ್ಲ.

ಇಬ್ಬರ ಕೀರ್ತಿಯ ಏರಿಳಿತ ಬಲ್ಲವರಿಗೆ ಹೊಸದೇನಲ್ಲ. 1672ರಲ್ಲಿ ಬೆಲ್ಲೋರಿ ತನ್ನ ಕಲಾವಿದರ ಚರಿತ್ರೆಯಲ್ಲಿ ಅನ್ನಿಬಾಲೆಯನ್ನು ಚಿತ್ರಕಲೆಯ ಉದ್ಧಾರಕನ ಪೀಠಕ್ಕೇರಿಸಿದ. ಕರವಾಜ್ಜೊನ ಪೌಲನ ಚಿತ್ರದಲ್ಲಿ ಕ್ರಿಯೆಯೇ ಇಲ್ಲವೆಂದು ತಳ್ಳಿಹಾಕಿದ. ಮುಂದೆ ಬೊಲೊನ್ಯಾದ ಕರ್ರಾಚ್ಚಿ ಬಂಧುಗಳಿಗೆ ‘ಅಲ್ಲಿಂದಿಲ್ಲಿಂದ ಆಯ್ದು ಕಟ್ಟಿದವರು’ ಎಂಬ ಹಣೆಪಟ್ಟಿ ಅಂಟಿತು. ಇಂಗ್ಲೆಂಡಿನಲ್ಲಿ ವಿಮರ್ಶಕ ರಸ್ಕಿನ್ ಈ ಬಂಧುಗಳ ಹೆಸರು ಕೇಳಿದರೆ ಉರಿದುಬೀಳುತ್ತಿದ್ದ. 1951ರಲ್ಲಿ ಮಿಲಾನಿನಲ್ಲಿ ರೊಬೆರ್ತೊ ಲೊಂಗಿ ಏರ್ಪಡಿಸಿದ ಪ್ರದರ್ಶನ ಕರವಾಜ್ಜೊನನ್ನು ಮನೆಮಾತು ಮಾಡಿತು. ಅನ್ನಿಬಾಲೆ ಒಬ್ಬನದೇ ದೊಡ್ಡ ಪ್ರದರ್ಶನ ನಡೆಯಲು 2006ರವರೆಗೆ ಕಾಯಬೇಕಾಯಿತು. ಅವನಿಗಂಟಿದ ಹಣೆಪಟ್ಟಿಯನ್ನು ಡೆನಿಸ್ ಮೇಹನ್ 1947ರಲ್ಲೇ ಹರಿದುಹಾಕಿದ್ದ. ಆದರೆ ವಿದ್ವಾಂಸರು ಹರಿದದ್ದು ಜನರವರೆಗೆ ಹರಿದುಬರಲಿಲ್ಲ. ಜಗಳಗಂಟ, ಕೊಲೆಗಾರ, ಕತ್ತಿ ಸಿಕ್ಕಿಸಿಕೊಂಡು ರಾತ್ರಿ ಅಲೆಯುವವ, ಮೂವತ್ತೆಂಟಕ್ಕೇ ಸತ್ತವ; ಇಂಥವನ ಎದುರು, ದಿನವಿಡೀ ಅಟ್ಟಣೆಯ ಮೇಲೆ ನಿಂತು ಕಾರ್ಡಿನಲನ ಅರಮನೆಯ ಚಾವಣಿಗೆ ಬಣ್ಣ ಹಚ್ಚಿ, ಕೊನೆಗೆ ಮನೋವ್ಯಾಧಿಯಲ್ಲಿ ಕುಗ್ಗಿಹೋದ ಅನ್ನಿಬಾಲೆಯಂಥವನ ಕತೆಗೆ ಎಲ್ಲಿಯ ಗಿರಾಕಿ? ಬಂಡಾಯವೆಂದರೆ ಮೊದಲು ಎದ್ದುನಿಂತು ಆಮೇಲೆ ಓದುವ ಚಾಳಿ ನಮ್ಮ ಕನ್ನಡ ವಿಮರ್ಶೆಗೂ ಇದೆಯಾದ್ದರಿಂದ ಇಟಲಿಯವರನ್ನೇ ದೂಷಿಸುವಂತಿಲ್ಲ.

ಲೊಂಗಿಯ ಮಾತಿಗೇ ಬರೋಣ. ಪೌಲನ ಚಿತ್ರವನ್ನು ಆತ ಧಾರ್ಮಿಕ ಕಲೆಯ ಇತಿಹಾಸದಲ್ಲೇ ಅತ್ಯಂತ ಕ್ರಾಂತಿಕಾರಿಯಾದದ್ದು ಎಂಬರ್ಥದಲ್ಲಿ ಹೊಗಳಿದ. ಅಂದಿನಿಂದ ಈ ಕಿರುಗುಡಿಯ ಬಗ್ಗೆ ಬರೆಯುವವರೆಲ್ಲ ಕ್ರಾಂತಿಯನ್ನು ಹುಡುಕಿಕೊಂಡೇ ಒಳಗೆ ಬರುತ್ತಾರೆ. ಆದರೆ ಕ್ರಾಂತಿಗೆ ದುಡ್ಡು ಕೊಟ್ಟವರು ಯಾರು? ತಿಬೇರಿಯೊ ಚೆರಾಸಿ, ಪೋಪ್ ಎಂಟನೆಯ ಕ್ಲೆಮೆಂಟನ ಖಜಾನೆಯ ಮುಖ್ಯಸ್ಥ. 1600ರ ಜುಲೈನಲ್ಲಿ, ಜ್ಯೂಬಿಲಿ ವರ್ಷದ ಯಾತ್ರಿಕರಿಂದ ರೋಮ್ ಕಿಕ್ಕಿರಿದಿದ್ದಾಗ, ಆತ ಅಗಸ್ಟೀನಿಯನ್ ಸಂನ್ಯಾಸಿಗಳಿಂದ ಈ ಜಾಗ ಕೊಂಡ. ಉತ್ತರದಿಂದ ಬರುವ ಯಾತ್ರಿಕ ನಗರದ್ವಾರ ದಾಟಿದೊಡನೆ ಎದುರಾಗುವ ದೇವಾಲಯವಿದು. ತನ್ನ ಸಮಾಧಿಗೆ ಜಾಗ ಹುಡುಕುವ ಅಧಿಕಾರಿಗೆ ಇದಕ್ಕಿಂತ ಒಳ್ಳೆಯ ವಿಳಾಸ ಸಿಗದು. ಕಟ್ಟಡಕ್ಕೆ ಕಾರ್ಲೊ ಮದೆರ್ನೊ, ಬಲಿಪೀಠಕ್ಕೆ ಅನ್ನಿಬಾಲೆ, ಪಕ್ಕದ ಗೋಡೆಗಳಿಗೆ ಕರವಾಜ್ಜೊ. ಅದೇ ವರ್ಷ ಸೆಪ್ಟೆಂಬರ್ 24ರಂದು ಕರವಾಜ್ಜೊನೊಂದಿಗೆ ಆದ ಕರಾರಿನಲ್ಲಿ ಅವನನ್ನು ನಗರದ ಗಣ್ಯ ಚಿತ್ರಕಾರನೆಂದೇ ಕರೆದಿದೆ. ಸೈಪ್ರಸ್ ಮರದ ಎರಡು ಹಲಗೆ, ಹತ್ತು ಪಾಲ್ಮಿ ಎತ್ತರ, ಎಂಟು ಅಗಲ; ಎಂಟು ತಿಂಗಳ ಗಡುವು; 400 ಸ್ಕೂದಿ. ಮೊದಲು ಕರಡು ತೋರಿಸಬೇಕು, ಒಪ್ಪಿಗೆ ಪಡೆಯಬೇಕು. ಬಂಡಾಯಗಾರ ಇದಕ್ಕೆಲ್ಲ ಸಹಿ ಹಾಕಿದ.

ಇಲ್ಲಿ ಇನ್ನೊಂದು ಐತಿಹ್ಯ ಅಡ್ಡಬರುತ್ತದೆ. ಕರವಾಜ್ಜೊನ ಮೊದಲ ಎರಡು ಚಿತ್ರಗಳು ಧಣಿಗೆ ಹಿಡಿಸಲಿಲ್ಲ, ಅವನ್ನು ಕಾರ್ಡಿನಲ್ ಸನ್ನೇಸಿಯೊ ಕೊಂಡ ಎಂದು 1642ರಲ್ಲಿ ಚಿತ್ರಕಾರ ಬಾಲ್ಯೋನೆ ಬರೆದ. ಇದನ್ನು ನಂಬಿದವರಿಗೆ ‘ಧರ್ಮಸಭೆ ತಿರಸ್ಕರಿಸಿದ ಪ್ರತಿಭೆ’ ಎಂಬ ನಾಟಕದ ಒಂದು ಅಂಕ ಪುಕ್ಕಟೆ ಸಿಕ್ಕಿತು. ಬಾಲ್ಯೋನೆ ಮತ್ತು ಕರವಾಜ್ಜೊ ಮಾನನಷ್ಟದ ಮೊಕದ್ದಮೆಯಲ್ಲಿ ಎದುರುಬದುರಾದ ವೈರಿಗಳೆಂಬುದನ್ನು ಬದಿಗಿಡೋಣ. ಚೆರಾಸಿ 1601ರ ಮೇ 3ರಂದೇ ತೀರಿಕೊಂಡ. ಲೆಕ್ಕ ಚುಕ್ತಾ ಆದದ್ದು ನವೆಂಬರಿನಲ್ಲಿ, ಅದೂ 300 ಸ್ಕೂದಿಗೆ ಇಳಿದು. ಧಣಿಯೇ ಇಲ್ಲದ ಮೇಲೆ ತಿರಸ್ಕರಿಸಿದವರು ಯಾರು? ಮೊದಲ ಪೌಲನ ಚಿತ್ರ ಉಳಿದಿದೆ, ಒದೆಸ್ಕಾಲ್ಕಿ ಸಂಗ್ರಹದಲ್ಲಿ, ಕರಾರಿನಂತೆ ಸೈಪ್ರಸ್ ಹಲಗೆಯ ಮೇಲೆ. ಅದನ್ನು ನೋಡಿದರೆ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲವೆಂದು ನನಗನ್ನಿಸುತ್ತದೆ. ಕ್ರಿಸ್ತ ದೇವದೂತನೊಡನೆ ಆಕಾಶದಿಂದ ಎರಗುತ್ತಾನೆ, ಸೈನಿಕ ಅಬ್ಬರಿಸುತ್ತಾನೆ, ಕುದುರೆ ಹೌಹಾರುತ್ತದೆ, ಪೌಲ ಮುಖ ಮುಚ್ಚಿಕೊಳ್ಳುತ್ತಾನೆ. ಅಷ್ಟು ಗದ್ದಲವನ್ನು ಮದೆರ್ನೊನ ಇಕ್ಕಟ್ಟಿನ ಗೂಡಿನಲ್ಲಿ, ಅನ್ನಿಬಾಲೆಯ ಬಲಿಪೀಠದ ಪಕ್ಕ ನಿಲ್ಲಿಸಿದರೆ ಏನಾಗುತ್ತದೆಂದು ಕಾಣಲು ಕರವಾಜ್ಜೊನಿಗೆ ಕಣ್ಣಿರಲಿಲ್ಲವೆ? ಆತ ಎರಡನ್ನೂ ಕ್ಯಾನ್ವಾಸಿನ ಮೇಲೆ ಮತ್ತೆ ಬರೆದ. ಕ್ರಿಸ್ತನನ್ನು ತೆಗೆದ, ದೇವದೂತನನ್ನು ತೆಗೆದ, ಗದ್ದಲ ತೆಗೆದ. ಒಬ್ಬ ಮುದುಕ ಸೇವಕ, ಒಂದು ಕುದುರೆ, ನೆಲಕ್ಕೆ ಬಿದ್ದ ಒಬ್ಬ ಯುವಕ. ಕ್ರಾಂತಿಯೆಂದು ಹೊಗಳಿಸಿಕೊಳ್ಳುವ ಈ ಮೌನ ಪಕ್ಕದ ಗೋಡೆಯವನು ಕಲಿತ ಸಂಯಮ.

ಈಗ ನಡುಗೋಡೆ. ಸುಮಾರು 245 ಸೆಂಟಿಮೀಟರ್ ಎತ್ತರ, 155 ಅಗಲದ ಹಲಗೆ. ಈ ವಿಷಯಕ್ಕೆ ಅದು ಬಹಳ ಕಿರಿದು. ವೆನಿಸ್‌ನ ಫ್ರಾರಿ ದೇವಾಲಯದಲ್ಲಿ ತಿತ್ಸಿಯಾನೊ ಇದೇ ವಿಷಯವನ್ನು ಬರೆದಾಗ ನೆಲಕ್ಕೂ ಮೋಡಕ್ಕೂ ನಡುವೆ ಒಂದು ಪಟ್ಟಿ ಬರಿಯ ಆಕಾಶ ಬಿಟ್ಟ. ಕೆಳಗಿನವರು ಎಷ್ಟು ಕೈಚಾಚಿದರೂ ಎಟುಕದ ಆ ಪಟ್ಟಿಯೇ ಆ ಚಿತ್ರದ ಜೀವ. ಅನ್ನಿಬಾಲೆಗೆ ಆ ಪಾಠ ಬಾಯಿಪಾಠವಾಗಿತ್ತು. 1587ರಲ್ಲಿ ರೆಜ್ಜೊ ಊರಿನ ಸಂತ ರೋಕ್ಕೊ ಸಂಘಕ್ಕೆ ಬರೆದ, ಈಗ ಡ್ರೆಸ್ಡನ್‌ನಲ್ಲಿರುವ ಸ್ವರ್ಗಾರೋಹಣದಲ್ಲಿ ಗಾಳಿಯಾಡುತ್ತದೆ. 1592ರ ಬೊಲೊನ್ಯಾದ ಚಿತ್ರದಲ್ಲೂ ಮರಿಯ ಮಾತೆ ದೇವದೂತರ ಸಮೇತ ಓರೆಯಾಗಿ ಮೇಲಕ್ಕೆ ಜಾರುತ್ತಾಳೆ. ಹಿಂದೆ ಚೆನ್ನಾಗಿ ಬರೆದ ವಿಷಯವನ್ನು ಮತ್ತೆ ಬರೆಯುವಾಗ ಆತ ತನ್ನ ಬಳಿಯಿದ್ದ ಅತ್ಯುತ್ತಮ ಸಾಧನವನ್ನೇ, ಎಂದರೆ ಬಯಲನ್ನೇ, ಬಿಟ್ಟುಕೊಟ್ಟ. ಕೈಲಾಗದೆ ಬಿಟ್ಟದ್ದಲ್ಲ. ಅದೇ ಹೊತ್ತಿನಲ್ಲಿ ಫರ್ನೇಸೆ ಅರಮನೆಯ ಚಾವಣಿಯಲ್ಲಿ ಆತ ಬಯಲನ್ನು ಮನಸ್ಸಿಗೆ ಬಂದಂತೆ ಆಡಿಸುತ್ತಿದ್ದ.

ಚೆರಾಸಿ ಹಲಗೆಯಲ್ಲಿ ಬಯಲೇ ಇಲ್ಲ. ಪ್ರೇಷಿತರು ಸಂತೆಯಲ್ಲಿ ಸಿಕ್ಕಿಬಿದ್ದವರಂತೆ ಹೆಗಲಿಗೆ ಹೆಗಲು ಒತ್ತಿ ನಿಂತಿದ್ದಾರೆ. ಹಿಂದಿನ ಸಾಲಿನವರಿಗೆ ಮುಖವಷ್ಟೇ ಉಂಟು, ಮೈಗೆ ಜಾಗವಿಲ್ಲ. ಅವರ ತಲೆಗಳ ಮೇಲೆಯೇ, ನಡುವೆ ಒಂದು ಗೇಣೂ ಬಿಡದೆ, ಮರಿಯ ಮಾತೆ. ಪುಟ್ಟ ದೇವದೂತರು ಆಕೆಯ ಬಟ್ಟೆಗೂ ಪ್ರೇಷಿತರ ನೆತ್ತಿಗೂ ನಡುವೆ ಹೇಗೋ ನುಸುಳಿಕೊಂಡಿದ್ದಾರೆ. ಮೇಲೆ ಚೌಕಟ್ಟು ಆಕೆಯ ತಲೆಯ ಹತ್ತಿರವೇ ಇದೆ. ಹೀಗಿರುವಾಗ ಆಕೆ ಮೇಲಕ್ಕೆ ಹೋಗುವುದಾದರೂ ಎಲ್ಲಿಗೆ? ಚಿತ್ರವನ್ನು ತುಸು ಹೊತ್ತು ನೋಡಿದರೆ ಆಕೆ ಏರುತ್ತಿಲ್ಲ, ಮುಂದಕ್ಕೆ ಬರುತ್ತಿದ್ದಾಳೆ ಎಂಬುದು ಹೊಳೆಯುತ್ತದೆ. ಎರಡೂ ತೋಳು ಚಾಚಿ, ಹಲಗೆಯನ್ನೇ ಭೇದಿಸಿ ಕಿರುಗುಡಿಯೊಳಕ್ಕೆ ಇಳಿಯುವವಳಂತೆ. ದೃಷ್ಟಿ ಮಾತ್ರ ಮೇಲಕ್ಕಿದೆ. ಮೈ ನಮ್ಮ ಕಡೆಗೆ, ಕಣ್ಣು ದೇವರ ಕಡೆಗೆ. ಎರಡು ದಿಕ್ಕಿನ ಈ ಎಳೆತ ಸ್ವರ್ಗಾರೋಹಣದ ಚಿತ್ರಗಳಲ್ಲಿ ಅಪರೂಪ. ತಿತ್ಸಿಯಾನೊನ ಮಾತೆ ನಮ್ಮನ್ನು ಬಿಟ್ಟುಹೋಗುತ್ತಾಳೆ, ನಾವು ಕೆಳಗುಳಿಯುತ್ತೇವೆ. ಇಲ್ಲಿ ಬಿಟ್ಟುಹೋಗುವುದೂ ಎದುರುಗೊಳ್ಳುವುದೂ ಒಂದೇ ಭಂಗಿಯಾಗಿದೆ.

ಬಣ್ಣವನ್ನೂ ಗಮನಿಸಬೇಕು. ಕೆಂಪು, ನೀಲಿ, ಹಳದಿ ಒಂದರೊಡನೊಂದು ಬೆರೆಯದೆ, ಮಬ್ಬಿನಲ್ಲಿ ಕರಗದೆ, ಖಡಾಖಂಡಿತವಾಗಿ ನಿಂತಿವೆ. ಫೋಟೊದಲ್ಲಿ ನೋಡಿದವರು ಇದನ್ನೇ ಒರಟುತನ ಎನ್ನುತ್ತಾರೆ. ಅನ್ನಿಬಾಲೆಯ ಮೇಲೆ ದೊಡ್ಡ ಗ್ರಂಥ ಬರೆದ ಡೊನಾಲ್ಡ್ ಪೋಸ್ನರ್ ಈ ಹಂತದ ಶೈಲಿಯನ್ನು ಆದರ್ಶದ ಅತಿರೇಕ ಎಂಬ ಧಾಟಿಯಲ್ಲಿ ಹೆಸರಿಸಿದ; ಹೆಸರು ತಪ್ಪಲ್ಲ, ಆದರೆ ಅದರಿಂದ ಇದೊಂದು ಮನೋಧರ್ಮವೆಂಬ ಭಾವನೆ ಬರುತ್ತದೆ. ನನಗೆ ಇದು ಒಂದು ಕೆಲಸಕ್ಕೆ ಹೊಂದಿಸಿದ ಉಪಾಯವಾಗಿ ಕಾಣುತ್ತದೆ. ಕತ್ತಲು ಕವಿಯುವ ಕಿರಿದಾದ ಓಣಿಯ ಕೊನೆಯಲ್ಲಿ, ಮೇಣದ ಬತ್ತಿಗಳ ಬೆಳಕಿನಲ್ಲಿ, ದೂರದಿಂದ ಓದಿಸಿಕೊಳ್ಳಬೇಕಾದ ಹಲಗೆ ಇದು. ಮಬ್ಬು ಬಣ್ಣ ಅಲ್ಲಿ ಸತ್ತೇಹೋಗುತ್ತಿತ್ತು.

ಚಿತ್ರದ ತಳದಲ್ಲಿ ಖಾಲಿ ಸಮಾಧಿ. ಅದರ ಕೆಳಗೆ, ಚೌಕಟ್ಟಿನಾಚೆ, ನಿಜವಾದ ಬಲಿಪೀಠ. ಕಲ್ಲಿನ ಮೇಲೆ ಕಲ್ಲು. ಅಂದಿನ ಬಲಿಪೂಜೆಯಲ್ಲಿ ಗುರು ಜನರಿಗೆ ಬೆನ್ನು ಮಾಡಿ ನಿಂತು ಪರಮಪ್ರಸಾದವನ್ನು ಎತ್ತಿಹಿಡಿದಾಗ ಅದು ಬರುತ್ತಿದ್ದುದು ಈ ಸಮಾಧಿಯ ಆಸುಪಾಸಿಗೆ, ಕೈಚಾಚಿದ ಪ್ರೇಷಿತರ ನಡುವಿಗೆ. ಆ ಗಳಿಗೆಯಲ್ಲಿ ಅವರು ಬೆರಗಾಗಿರುವುದು ಮಾತೆಯನ್ನು ಕಂಡೋ ಪ್ರಸಾದವನ್ನು ಕಂಡೋ ಎಂಬುದು ಬೇರ್ಪಡಿಸಲಾಗದಂತೆ ಕೂಡಿಕೊಳ್ಳುತ್ತಿತ್ತು. ಮುಂದಿನ ಸಾಲಿನ ಇಬ್ಬರನ್ನು ಪೇತ್ರ, ಪೌಲ ಎಂದು ಗುರುತಿಸುತ್ತಾರೆ. ಪೌಲ ಹನ್ನೆರಡು ಮಂದಿಯಲ್ಲಿ ಒಬ್ಬನಲ್ಲ. ಆದರೆ ಈ ಗುಡಿಯಲ್ಲಿ ಅವನಿಲ್ಲದೆ ನಡೆಯದು. ತ್ರೆಂತ್ ಮಹಾಸಭೆ 1563ರ ಡಿಸೆಂಬರಿನಲ್ಲಿ ಚಿತ್ರಗಳ ಬಗ್ಗೆ ಹೊರಡಿಸಿದ ನಿರ್ಣಯ, ಅನ್ನಿಬಾಲೆಯ ಊರಾದ ಬೊಲೊನ್ಯಾದಲ್ಲೇ ಧರ್ಮಾಧ್ಯಕ್ಷ ಪಾಲೆಯೋತ್ತಿ 1582ರಲ್ಲಿ ಅದಕ್ಕೆ ಬರೆದ ವಿಸ್ತಾರವಾದ ಭಾಷ್ಯ, ಇವನ್ನೆಲ್ಲ ಉಲ್ಲೇಖಿಸಿ ‘ಸ್ಪಷ್ಟತೆ, ಭಕ್ತಿ, ಬೋಧನೆ’ ಎಂದು ಪಟ್ಟಿ ಮಾಡುವವರು ಬಹಳ. ಆ ಪಟ್ಟಿಯಿಂದ ಈ ಹಲಗೆ ಹುಟ್ಟಲಾರದು. ಪೂಜೆ ನಡೆಯುವ ಮೇಜಿನ ಎತ್ತರವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುವವನಿಂದ ಮಾತ್ರ ಹುಟ್ಟಬಲ್ಲುದು.

ಇನ್ನು ತೋಳುಗಳು. ನಡುವಿನ ಮಾತೆ ತೋಳು ಚಾಚಿದ್ದಾಳೆ. ಬಲಗೋಡೆಯ ಪೌಲ ನೆಲಕ್ಕೆ ಬೆನ್ನುಕೊಟ್ಟು, ಕಣ್ಣು ಮುಚ್ಚಿ, ಎರಡೂ ತೋಳನ್ನು ಮೇಲಕ್ಕೆ ಅಗಲಿಸಿದ್ದಾನೆ. ಎಡಗೋಡೆಯ ಪೇತ್ರನ ತೋಳುಗಳನ್ನು ಶಿಲುಬೆಗೆ ಹೊಡೆದು ಅಗಲಿಸಲಾಗಿದೆ. ಅನುಗ್ರಹ ಕೆಡವಿದವನ ತೋಳು, ಮೊಳೆ ಜಡಿದವನ ತೋಳು, ಸಾವನ್ನು ದಾಟಿದವಳ ತೋಳು. ಕರವಾಜ್ಜೊನ ಮೊದಲ ಪೌಲ ಮುಖ ಮುಚ್ಚಿಕೊಂಡಿದ್ದನೆಂಬುದನ್ನು ನೆನಪಿಟ್ಟು ನೋಡಿದರೆ, ಎರಡನೆಯ ಪೌಲ ತೋಳು ತೆರೆದದ್ದು ಎಲ್ಲಿಂದ ಬಂತೆಂದು ಕೇಳಲೇಬೇಕಾಗುತ್ತದೆ. ಯಾರು ಯಾರದನ್ನು ನೋಡಿ ಬರೆದರೆಂದು ಸಾಬೀತು ಮಾಡುವ ಕಾಗದ ಬೇಕಾಗಿಲ್ಲ. ಮೂರೂ ಚಿತ್ರಗಳು ಒಂದೇ ವರ್ಷದ ಆಸುಪಾಸಿನವು, ಒಂದೇ ಕೋಣೆಗೆ ಅಳೆದು ಮಾಡಿದವು. ಭಾರವಾದ ಮೈಗಳನ್ನು ಚಿತ್ರದ ಮುಂದಣ ಅಂಚಿಗೇ ದೂಡಿ, ಹಿಂದಿನ ಬಯಲನ್ನು ಅಳಿಸಿಹಾಕುವ ವಿದ್ಯೆ ಮೂರರಲ್ಲೂ ಒಂದೇ. ಒಬ್ಬ ಅದನ್ನು ಕತ್ತಲಿನಿಂದ ಸಾಧಿಸಿದ, ಇನ್ನೊಬ್ಬ ಗುಂಪಿನಿಂದ. ಇಷ್ಟು ಹತ್ತಿರದವರನ್ನು ಎದುರಾಳಿಗಳ ಪಂದ್ಯದಲ್ಲಿ ನಿಲ್ಲಿಸಿದ್ದು ನಾವು.

ಪಂದ್ಯದ ಮಾತು ಬಂದ ಮೇಲೆ ಕುದುರೆಯ ಪ್ರಸ್ತಾಪ ತಪ್ಪಿದ್ದಲ್ಲ. ಪೌಲನ ಕುದುರೆಯ ಹಿಂಭಾಗ ಅನ್ನಿಬಾಲೆಯ ಚಿತ್ರದ ಕಡೆಗಿದೆ. ಇದು ಕರವಾಜ್ಜೊ ಬೇಕೆಂದೇ ಮಾಡಿದ ಅವಮಾನವಂತೆ. ಮಾರ್ಗದರ್ಶಿಗಳು ನಗಿಸಲು ಹೇಳುವ ಈ ಮಾತನ್ನು ಆಂಡ್ರ್ಯೂ ಗ್ರಹಾಂ-ಡಿಕ್ಸನ್‌ರಂಥ ಜೀವನಚರಿತ್ರಕಾರರೂ ಎತ್ತಿಕೊಂಡಿದ್ದಾರೆ. ಮೊದಲನೆಯದಾಗಿ, ಕುದುರೆಗೆ ಎರಡು ತುದಿ ಇರುವುದರಿಂದ ಒಂದು ತುದಿ ಯಾವುದಾದರೂ ಕಡೆಗೆ ಇರಲೇಬೇಕು. ತಲೆಯನ್ನು ಬಲಿಪೀಠದ ಕಡೆ ತಿರುಗಿಸಿದ್ದರೆ ಗುಡಿಯ ಬಾಗಿಲಲ್ಲಿ ನಿಂತ ಭಕ್ತನಿಗೆ ಬಾಲ ಎದುರಾಗುತ್ತಿತ್ತು. ಆಗ ಇದೇ ಜನ ಧರ್ಮಸಭೆಗೆ ಮಾಡಿದ ಅವಮಾನವೆನ್ನುತ್ತಿದ್ದರು. ಎರಡನೆಯದಾಗಿ, 1603ರ ಆ ಮಾನನಷ್ಟದ ಮೊಕದ್ದಮೆಯಲ್ಲಿ ನ್ಯಾಯಾಧೀಶರು ಒಳ್ಳೆಯ ಚಿತ್ರಕಾರರು ಯಾರೆಂದು ಕೇಳಿದಾಗ ಕರವಾಜ್ಜೊ ಕೊಟ್ಟ ಕೆಲವೇ ಹೆಸರುಗಳಲ್ಲಿ ಅನ್ನಿಬಾಲೆಯದೂ ಒಂದು. ಯಾರ ಬಗ್ಗೆಯೂ ಮುಲಾಜಿಲ್ಲದೆ ಬೈಯುತ್ತಿದ್ದ, ಬೈದದ್ದಕ್ಕೇ ಕಟಕಟೆ ಹತ್ತಿದ್ದ ಮನುಷ್ಯ ಆಣೆ ಮಾಡಿ ಹೇಳಿದ ಮಾತಿದು. ಕುದುರೆಯ ಬಾಲಕ್ಕಿಂತ ಇದು ಗಟ್ಟಿ ಸಾಕ್ಷ್ಯವಲ್ಲವೆ?

ಮೂರನೆಯ ಕಾರಣ ಕಲಾ ಇತಿಹಾಸಕಾರ ಲಿಯೋ ಸ್ಟೈನ್‌ಬರ್ಗ್ ಕೊಟ್ಟದ್ದು, ಅದೂ 1959ರಷ್ಟು ಹಿಂದೆ. ಈ ಪಕ್ಕದ ಚಿತ್ರಗಳನ್ನು ನೇರ ಎದುರಿಗೆ ನಿಂತು ನೋಡಲೆಂದು ಬರೆದದ್ದೇ ಅಲ್ಲ, ಗುಡಿಯ ಹೊಸ್ತಿಲಿನಿಂದ ಓರೆಯಾಗಿ ನೋಡಲೆಂದು ಹೊಂದಿಸಿದ್ದು ಎಂದು ಆತ ವಾದಿಸಿದ. ಹಾಗೆ ನೋಡಿದಾಗ ನೇರದಲ್ಲಿ ಕುದುರೆಯೇ ತುಂಬಿಕೊಂಡಂತೆ ಕಾಣುವ ಚಿತ್ರದಲ್ಲಿ ಪೌಲ ಮೇಲೆದ್ದು ಬರುತ್ತಾನೆ, ಕುದುರೆಯ ಒಡಲು ಕುಗ್ಗಿ ಹಿಂದೆ ಸರಿಯುತ್ತದೆ. ಸ್ಟೈನ್‌ಬರ್ಗನನ್ನು ಇಂದು ಎಲ್ಲರೂ ಒಪ್ಪುತ್ತಾರೆ, ಅರ್ಧ ಮಾತ್ರ. ಓರೆನೋಟದಿಂದ ಕರವಾಜ್ಜೊ ಎಷ್ಟು ಜಾಣನೆಂಬುದಕ್ಕೆ ಪುರಾವೆ ಸಿಕ್ಕಿತೆಂದು ಹಿಗ್ಗುತ್ತಾರೆ. ಆದರೆ ಹೊಸ್ತಿಲಲ್ಲಿ ನಿಂತವನಿಗೆ ಓರೆಯಲ್ಲದೆ ನೇರವಾಗಿ ಕಾಣುವುದು ಯಾವ ಚಿತ್ರ? ಎರಡು ಗೋಡೆಗಳು ತಮ್ಮನ್ನು ಓರೆಯಾಗಿಸಿಕೊಂಡದ್ದು ಯಾವುದಕ್ಕೆ ದಾರಿ ಬಿಡಲು? ಬಿದ್ದ ಪೌಲನ ತೋಳಿನಿಂದ, ಏರುತ್ತಿರುವ ಶಿಲುಬೆಯ ಓರೆಯಿಂದ ಹೊರಟ ಕಣ್ಣು ಎಲ್ಲಿ ಹೋಗಿ ನಿಲ್ಲುತ್ತದೆ? ಕಟಕಟೆಯಾಚೆ ನಿಲ್ಲಿಸುತ್ತಾರೆ, ಚಿತ್ರಗಳು ಸರಿಯಾಗಿ ಕಾಣುವುದಿಲ್ಲವೆಂದು ಗೊಣಗುವ ಪ್ರವಾಸಿ ನಿಂತಿರುವುದೇ ಸರಿಯಾದ ಜಾಗದಲ್ಲಿ. ಆತ ಕತ್ತು ತಿರುಗಿಸದೆ ಸುಮ್ಮನೆ ಎದುರಿಗೆ ನೋಡಿದ್ದರೆ ಸಾಕಿತ್ತು.

ಅನ್ನಿಬಾಲೆಯ ಹಲಗೆಯಲ್ಲಿ ಕೊರತೆಗಳಿಲ್ಲವೆಂದಲ್ಲ. ಪ್ರೇಷಿತರ ಬೆರಗು ಮುಖದಿಂದ ಮುಖಕ್ಕೆ ಹೆಚ್ಚು ಬದಲಾಗುವುದಿಲ್ಲ. ಕೆಲವರ ಕೈಗಳು ಅಭಿನಯ ಕಲಿಸುವ ಪಾಠದಂತಿವೆ. ಪೇತ್ರನನ್ನು ಎತ್ತುವ ಕೂಲಿಯವನ ಮಣ್ಣು ಮೆತ್ತಿದ ಅಂಗಾಲಿನಷ್ಟು ನಿಜವಾದದ್ದೊಂದೂ ಇಲ್ಲಿಲ್ಲ. ಈ ಗುಡಿಯ ಚಾವಣಿಯ ಚಿತ್ರಗಳನ್ನು ತನ್ನ ನಕಾಶೆಯಂತೆ ಶಿಷ್ಯ ಇನ್ನೊಚೆಂತ್ಸೊ ತಕ್ಕೋನಿಯ ಕೈಗೆ ಬಿಟ್ಟದ್ದು ದೊಡ್ಡ ತಪ್ಪು. ಮೇಲಿನಿಂದ ಇಳಿಯಬೇಕಾದ ಬೆಳಕಿಗೆ ಅಲ್ಲಿ ಜೀವವಿಲ್ಲ.

ಆದರೂ ಮುಂದಿನ ನೂರು ವರ್ಷ ಕಥೋಲಿಕ ದೇವಾಲಯಗಳು ಯಾರಿಂದ ಕೆಲಸ ಮಾಡಿಸಿದವೆಂದು ನೋಡಿದರೆ ಲೆಕ್ಕ ಬೇರೆಯೇ ಇದೆ. ಕರವಾಜ್ಜೊನ ಕತ್ತಲು ನೇಪಲ್ಸ್‌ಗೆ, ಸ್ಪೇನ್‌ಗೆ, ಉತ್ರೆಖ್ತ್‌ಗೆ ಹೋಗಿ ಬೆಳೆಯಿತು. ರೋಮಿನಲ್ಲಿ ಅದರ ಭರಾಟೆ ಕೆಲವೇ ದಶಕಗಳದ್ದು. ಬಲಿಪೀಠಗಳೂ ಗುಮ್ಮಟಗಳೂ ಹೋದದ್ದು ಅನ್ನಿಬಾಲೆಯ ಗರಡಿಯಿಂದ ಬಂದ ದೊಮೆನಿಕಿನೊ, ಲಾನ್‌ಫ್ರಾಂಕೊನಂಥವರ ಕೈಗೆ. ಇದೇ ದೇವಾಲಯವನ್ನು 1650ರ ದಶಕದಲ್ಲಿ ಪೋಪ್ ಏಳನೆಯ ಅಲೆಕ್ಸಾಂಡರನಿಗಾಗಿ ನವೀಕರಿಸಿದ ಬೆರ್ನೀನಿ, 1665ರಲ್ಲಿ ಪ್ಯಾರಿಸ್‌ಗೆ ಹೋಗಿದ್ದಾಗ ಅನ್ನಿಬಾಲೆಯನ್ನು ಎಷ್ಟು ಸಲ ನೆನೆದನೆಂಬುದಕ್ಕೆ ಅವನ ಜೊತೆಗಿದ್ದ ಶಾಂತಲೂನ ದಿನಚರಿ ಇದೆ. ಅನ್ನಿಬಾಲೆ ಆಗಿನ್ನೂ ಬರಿಯ ಹೆಸರಾಗಿರಲಿಲ್ಲ, ಕೆಲಸಗಾರರು ಎದುರಿಗಿಟ್ಟುಕೊಂಡು ಕಲಿಯುವ ಮಾದರಿಯಾಗಿದ್ದ. ಲಾನ್‌ಫ್ರಾಂಕೊ 1625ರಿಂದ 1627ರವರೆಗೆ ಸಾಂತ್ ಆಂದ್ರೆಯಾ ದೆಲ್ಲಾ ವಾಲ್ಲೆಯ ಗುಮ್ಮಟದ ಒಳಮೈಗೆ ಬರೆದದ್ದೂ ಸ್ವರ್ಗಾರೋಹಣವನ್ನೇ. ಕೊರ್ರೆಜ್ಜೊ ಪಾರ್ಮಾದಲ್ಲಿ ಬರೆದ ಗುಮ್ಮಟದ ಋಣ ಅದರ ಮೇಲಿದೆಯೆಂದು ಎಲ್ಲರೂ ಹೇಳುತ್ತಾರೆ, ಇದೆ. ಆದರೆ ಅಲ್ಲಿ ಸಂತರು ಒಬ್ಬರ ಮೇಲೊಬ್ಬರು ಒತ್ತರಿಸಿಕೊಂಡು, ನೋಡುವವನ ಮೇಲೇ ಬೀಳುವಂತೆ ಮುಂದೆ ಬರುವ ರೀತಿಗೆ ಪಾರ್ಮಾದವರೆಗೆ ಹೋಗಬೇಕಾಗಿಲ್ಲ. ಊರ ಬಾಗಿಲಲ್ಲಿರುವ ಈ 245 ಸೆಂಟಿಮೀಟರ್ ಹಲಗೆಯಲ್ಲಿ, ಆಕಾಶವೇ ಇಲ್ಲದ ಜಾಗದಲ್ಲಿ, ಅವನ ಗುರು ಅದನ್ನು ಕಾಲು ಶತಮಾನ ಮೊದಲೇ ಮಾಡಿ ತೋರಿಸಿದ್ದ. ಶಿಷ್ಯನಿಗೆ ಗುಮ್ಮಟ ಸಿಕ್ಕಿತು.